ಮಲದಲ್ಲಿ ಮಾತ್ರೆ ಇಡಿಯಾಗಿ ಕಂಡರೆ

ಪ್ರಶ್ನೆ: ಅಮ್ಮನಿಗೆ ಬಿಪಿಗೆಂದು ದಿನಕ್ಕೊಂದು ಪ್ರಜೋಸಿನ್ ಎಕ್ಸ್‌ಎಲ್ 5 ಮಿ.ಗ್ರಾಂ ಮಾತ್ರೆ ಬರೆದುಕೊಟ್ಟಿದ್ದಾರೆ. ಸ್ಟ್ರಿಪ್ ಮೇಲೆ ಜಿಐಟಿಎಸ್ ಎಂದೂ ಇದೆ. ಎರಡು ಸಲ ಮಲದಲ್ಲಿ ಮಾತ್ರೆ ಇಡಿಯಾಗಿ ಕಂಡಿತಂತೆ. ನುಂಗುವುದೂ ಅವರಿಗೆ ಕಷ್ಟ. ಮುರಿದು ಕೊಡಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಮುರಿಯಬೇಡಿ. ಜಿಐಟಿಎಸ್ ಅಂದರೆ ಗಟ್ಟಿ ಪೊರೆಯೊಳಗಿನ ಔಷಧವನ್ನು ಹೊಟ್ಟೆ-ಕರುಳಿನಲ್ಲಿ ನಿಧಾನವಾಗಿ ಬಿಡುವ ಮಾತ್ರೆ. ಅಮ್ಮ ಕಂಡದ್ದು ಔಷಧ ಖಾಲಿಯಾದ ಮೇಲೆ ಉಳಿದ ಚಿಪ್ಪು. ಸೆಲ್ಯುಲೋಸ್ ಅಸಿಟೇಟ್‌ನ ಆ ಪೊರೆ ಹೊಟ್ಟೆಯಲ್ಲಿ ಕರಗುವುದಿಲ್ಲ. ನೀರನ್ನಷ್ಟೇ ಒಳಗೆ ಬಿಡುತ್ತದೆ. ಒಳಗೆ ಎರಡು ಪದರ. ಒಂದರಲ್ಲಿ ಔಷಧ, ಇನ್ನೊಂದರಲ್ಲಿ ನೀರು ಕುಡಿದು ಉಬ್ಬುವ ಪಾಲಿಮರ್ ಮತ್ತು ಉಪ್ಪು. ಔಷಧದ ಬದಿಯಲ್ಲಿ ಲೇಸರ್‌ನಿಂದ ಕೊರೆದ ಸಣ್ಣ ತೂತು. ಪಿಯುಸಿಯಲ್ಲಿ ಓದಿದ ಆಸ್ಮೋಸಿಸ್ಸೇ (ಉಪ್ಪು ಹೆಚ್ಚಿರುವ ಕಡೆಗೆ ಪೊರೆ ದಾಟಿ ನೀರು ಸರಿಯುವುದು) ಇಲ್ಲಿನ ಪಂಪು: ನೀರು ಒಳಗೆ ಜಿನುಗುತ್ತದೆ, ಔಷಧದ ಪದರ ಗಂಜಿಯಾಗುತ್ತದೆ, ಹಿಂದಿನ ಪದರ ಉಬ್ಬಿ ಅದನ್ನು ತೂತಿನಿಂದ ತಳ್ಳುತ್ತದೆ. ಶುರುವಾಗಲು ಒಂದೆರಡು ಗಂಟೆ ಬೇಕು; ಆಮೇಲೆ ಹೆಚ್ಚುಕಡಿಮೆ ಒಂದೇ ವೇಗ. ವೇಗ ನಿಂತಿರುವುದು ಪೊರೆಯ ದಪ್ಪ ಮತ್ತು ಒಳಗಿನ ಉಪ್ಪಿನ ಸೆಳೆತದ ಮೇಲೆ. ಜಠರದ ಆಮ್ಲ ಹೆಚ್ಚೋ ಕಡಿಮೆಯೋ ಎಂಬುದರಿಂದ ಹೆಚ್ಚೇನೂ ವ್ಯತ್ಯಾಸವಾಗದು. ತೂತಿನ ಅಳತೆಯೂ ಮುಖ್ಯ. ತೀರಾ ಚಿಕ್ಕದಾದರೆ ಒಳಗೆ ಒತ್ತಡ ಏರುತ್ತದೆ, ದೊಡ್ಡದಾದರೆ ಔಷಧ ತಾನಾಗಿ ಸೋರುತ್ತದೆ.

ಮುರಿದರೆ, ಅಗಿದರೆ, ಪುಡಿಮಾಡಿ ಜೇನಿನಲ್ಲಿ ಕಲಸಿದರೆ ಈ ಅಂಕೆಯೆಲ್ಲ ತಪ್ಪುತ್ತದೆ. ಇಡೀ ದಿನದ ಔಷಧ ಬೇಗನೆ ರಕ್ತಕ್ಕೆ ಸೇರಿ ಬಿಪಿ ದಿಢೀರ್ ಕುಸಿಯಬಹುದು. ಹಾಸಿಗೆಯಿಂದೇಳುವಾಗ ವಯಸ್ಸಾದವರು ಬೀಳುವುದು ಹೀಗೆಯೇ. ನುಂಗಲಾಗದಿದ್ದರೆ ವೈದ್ಯರಿಗೆ ಹೇಳಿ, ದಿನಕ್ಕೆ ಎರಡು ಮೂರು ಸಲ ಕೊಡುವ ಸಾದಾ ಪ್ರಜೋಸಿನ್‌ಗೋ ಬೇರೆ ಔಷಧಕ್ಕೋ ಬದಲಿಸಿಕೊಳ್ಳಿ. ಕೆಲವು ದಿನ ಮಾತ್ರೆ ತಪ್ಪಿದ್ದರೆ ಹಳೆಯ ಪ್ರಮಾಣವನ್ನೇ ನೀವಾಗಿ ಶುರುಮಾಡಬೇಡಿ. ಕಡಿಮೆಯಿಂದ ಮತ್ತೆ ಏರಿಸಬೇಕಾಗುತ್ತದೆ.

ಪ್ರಶ್ನೆ: ಎಕ್ಸ್‌ಎಲ್ ಮಾತ್ರೆಗಳೆಲ್ಲ ಹೀಗೆಯೇ? ಇವು ಯಾರಿಗೆ ಆಗವು?
– ಬಿ.ಫಾರ್ಮ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಲ್ಲ. ಎಕ್ಸ್‌ಎಲ್ ಅಂದರೆ ನಿಧಾನ ಬಿಡುಗಡೆ ಎಂದಷ್ಟೇ. ಸಣ್ಣ ಸಣ್ಣ ಗುಳಿಗೆಗಳನ್ನು ಒತ್ತಿ ಮಾಡಿದ, ಬಿಪಿಗೇ ಕೊಡುವ ಮೆಟೊಪ್ರೊಲಾಲ್ ಸಕ್ಸಿನೇಟ್ ಎಕ್ಸ್‌ಎಲ್ ಮಾತ್ರೆಯನ್ನು ನಡುಗೆರೆಯಲ್ಲಿ ಅರ್ಧ ಮಾಡಬಹುದು, ಅಗಿಯಬಾರದು. ಹಾಗಾಗಿ ಹೆಸರು ನೋಡಿ ತೀರ್ಮಾನಿಸದೆ ಮಾತ್ರೆಯ ಬಗೆ ಕೇಳಿಕೊಳ್ಳಬೇಕು.

ಮೇಲೆ ಹೇಳಿದಂತೆ ಆಸ್ಮೋಸಿಸ್‌ನಿಂದ ನಡೆಯುವ ಆಸ್ಮೋಟಿಕ್ ಮಾತ್ರೆಯ ಚಿಪ್ಪು ಮೆತ್ತಗಾಗದು. ಕರುಳಿನ ಟಿಬಿ, ಕ್ರೋನ್ಸ್ ಕಾಯಿಲೆ (ಕರುಳಿನ ದೀರ್ಘಕಾಲದ ಉರಿಯೂತ) ಅಥವಾ ಹಳೆಯ ಆಪರೇಷನ್‌ನಿಂದ ಕರುಳು ಕಿರಿದಾದವರಲ್ಲಿ ಸಿಕ್ಕಿಕೊಳ್ಳಬಹುದು. ಅಂಥವರಿಗೆ ಬೇರೆ ಮಾತ್ರೆಯೇ ಒಳ್ಳೆಯದು. ನೋವು ನಿವಾರಕ ಇಂಡೊಮೆಥಾಸಿನ್‌ನ ಆಸ್ಮೋಟಿಕ್ ಮಾತ್ರೆ 'ಆಸ್ಮೋಸಿನ್' 1983ರಲ್ಲಿ ಬ್ರಿಟನ್ ಮಾರುಕಟ್ಟೆಯಿಂದ ಹೋದದ್ದಕ್ಕೆ ಕರುಳು ತೂತಾದ ಪ್ರಕರಣಗಳು ಕಾರಣ. ಮಾತ್ರೆಯ ತೂತಿನೆದುರು ಕರುಳಿನ ಒಂದೇ ಜಾಗಕ್ಕೆ ಗಟ್ಟಿಯಾಗಿ ಬಿದ್ದ ಔಷಧ ಮತ್ತು ಆ ಮಾತ್ರೆಯಲ್ಲಿದ್ದ ಪೊಟ್ಯಾಸಿಯಂ ಲವಣದ ಮೇಲೆ ಸಂಶಯವಿತ್ತು. ವಿನ್ಯಾಸ ಮಾಡುವವರು ಮರೆಯಬಾರದ ಪಾಠವಿದು.

ಭೇದಿಯಾದಾಗ ಮಾತ್ರೆ ಕೆಲಸ ಮುಗಿಸುವ ಮೊದಲೇ ಹೊರಬೀಳಬಹುದು. ಆಗ ಇನ್ನೊಂದು ಮಾತ್ರೆ ನುಂಗಿಸಬೇಡಿ. ಬಿಪಿ ನೋಡಿ, ಅಂಕಿ ಬರೆದಿಟ್ಟುಕೊಂಡು ವೈದ್ಯರಿಗೆ ಫೋನ್ ಮಾಡಿ.