ಒಂದು ಲಕ್ಷದ ಇಂಕ್ ಪೆನ್: ಕೊಳ್ಳಲೇ, ಬಿಡಲೇ?

ಪ್ರಶ್ನೆ: ನಾನು ಚಾರ್ಟರ್ಡ್ ಅಕೌಂಟೆಂಟ್. ಮುಂದಿನ ತಿಂಗಳು 50 ತುಂಬುತ್ತದೆ. ಆ ನೆನಪಿಗೆ ಮಾಂಟ್‌ಬ್ಲಾಂಕ್ ಕಂಪನಿಯ 149 ಅನ್ನುವ ಇಂಕ್ ಪೆನ್ ಕೊಳ್ಳಬೇಕು ಅಂತ ಬಹಳ ದಿನದ ಆಸೆ. ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿ ಎತ್ತಿಟ್ಟಿದ್ದೇನೆ. ಆಫೀಸಿನಲ್ಲಿ ಎಲ್ಲವೂ ಕಂಪ್ಯೂಟರ್‌ನಲ್ಲೇ, ನನ್ನ ಕೈಗೆ ಬರುವುದು ಸಹಿ ಮಾತ್ರ. ಆದರೆ ದಿನಾ ರಾತ್ರಿ ಕನ್ನಡದಲ್ಲಿ ಒಂದು ಪುಟ ಡೈರಿ ಬರೆಯುತ್ತೇನೆ, ಜೆಲ್ ಪೆನ್ನಿನಲ್ಲಿ. ಸ್ಕೂಲಿನಲ್ಲಿ ಹೀರೋ ಪೆನ್ ಇತ್ತು, ಆಮೇಲೆ ಇಂಕ್ ಪೆನ್ ಮುಟ್ಟಿಲ್ಲ. 'ಲಕ್ಷ ರೂಪಾಯಿ ಪೆನ್ನಲ್ಲಿ ಬರೆದರೆ ಅಕ್ಷರ ಬೇರೆ ಬರುತ್ತಾ?' ಅಂತ ನಮ್ಮ ಮನೆಯವರು ಕೇಳುತ್ತಾರೆ. ಆ ದುಡ್ಡಿಗೆ ತಕ್ಕ ಪೆನ್ನಾ ಅದು? ಮುಂದೆ ಮಗಳಿಗೆ ಕೊಡಬಹುದಾ?
— ಓದುಗರು, ಬಸವನಗುಡಿ

ಉತ್ತರ: ನಿಮ್ಮ ಮನೆಯವರ ಪ್ರಶ್ನೆಯಿಂದಲೇ ಶುರು ಮಾಡೋಣ. ಕೇಳಬೇಕಾದ ಪ್ರಶ್ನೆ ಅದೇ.

ಅಕ್ಷರ ಬೇರೆ ಬರುತ್ತಾ? ಜೆಲ್ ಪೆನ್ ಬಿಟ್ಟು ಒಳ್ಳೆಯ ಇಂಕ್ ಪೆನ್ ಹಿಡಿದರೆ ಖಂಡಿತ ಬರುತ್ತದೆ. ಒತ್ತಿ ಬರೆಯಬೇಕಾಗಿಲ್ಲ. ನಿಬ್ಬು ಕಾಗದಕ್ಕೆ ತಾಗಿದರೆ ಸಾಕು, ಇಂಕ್ ತಾನಾಗಿ ಇಳಿಯುತ್ತದೆ. ಬೆರಳಿನ ಬಿಗಿ ಕಡಿಮೆಯಾಗುತ್ತದೆ, ಸಾಲು ನಿಧಾನವಾಗುತ್ತದೆ, ಅಕ್ಷರ ದುಂಡಗಾಗುತ್ತದೆ. ಆದರೆ 20 ಸಾವಿರದ ಪೆನ್ ಬಿಟ್ಟು ಒಂದು ಲಕ್ಷದ ಪೆನ್ ಹಿಡಿದರೆ? ಆಗ ಬರುವುದಿಲ್ಲ. ಬರವಣಿಗೆಯ ಸುಖ ಬೆಲೆಯ ಜೊತೆ ಏರುತ್ತಾ ಹೋಗಿ ಒಂದು ಕಡೆ ನಿಂತುಬಿಡುತ್ತದೆ. ನನ್ನ ಪ್ರಕಾರ ಅದು ನಿಲ್ಲುವುದು 15ರಿಂದ 25 ಸಾವಿರದ ನಡುವೆ. ಅಲ್ಲಿಂದ ಮುಂದೆ ಕೊಡುವ ದುಡ್ಡು ಹೆಸರಿಗೆ, ಅಂದಕ್ಕೆ, ಕೆಲಸಗಾರಿಕೆಗೆ. ಅದು ಸುಳ್ಳು ದುಡ್ಡು ಅಂತ ನಾನು ಹೇಳುವುದಿಲ್ಲ. ಯಾವುದಕ್ಕೆ ಕೊಡುತ್ತಿದ್ದೇವೆ ಅಂತ ಗೊತ್ತಿದ್ದರೆ ಸರಿ.

ಚಿನ್ನದ ನಿಬ್ಬಿನ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಒಡವೆ ಅಂಗಡಿಯಲ್ಲಿ ನಾವು 916 ನೋಡುತ್ತೇವೆ, ಅಂದರೆ 22 ಕ್ಯಾರೆಟ್. ಪೆನ್ ನಿಬ್ಬಿನ ಮೇಲೆ 585 ಅಂತ ಇದ್ದರೆ 14 ಕ್ಯಾರೆಟ್, 750 ಅಂತ ಇದ್ದರೆ 18 ಕ್ಯಾರೆಟ್. ಈಗಿನ 149ರ ನಿಬ್ಬು 18 ಕ್ಯಾರೆಟ್. ಆದರೆ ಅದು ತೆಳ್ಳಗಿನ ತಗಡು, ಅದರಲ್ಲಿರುವ ಚಿನ್ನದ ಬೆಲೆ ಪೆನ್ನಿನ ಬೆಲೆಯ ಒಂದು ಸಣ್ಣ ಪಾಲು ಮಾತ್ರ. ಅಲ್ಲದೆ ಕಾಗದ ಮುಟ್ಟುವುದು ಚಿನ್ನವೇ ಅಲ್ಲ. ತುದಿಯಲ್ಲಿ ಬೆಸೆದ ಒಂದು ಸಣ್ಣ ಗುಂಡು ಇರುತ್ತದೆ. ಇರಿಡಿಯಂ ಅಂತ ಕರೆಯುವುದು ರೂಢಿ, ನಿಜಕ್ಕೂ ಅದು ಬೇರೆ ಬೇರೆ ಗಟ್ಟಿ ಲೋಹಗಳ ಮಿಶ್ರಣ. ಸ್ಟೀಲ್ ನಿಬ್ಬಿನ ತುದಿಯಲ್ಲೂ ಅಂಥದೇ ಗುಂಡು. ಹಿಂದಿನ ಕಾಲದ ಇಂಕ್‌ನಲ್ಲಿ ಆಮ್ಲ ಜಾಸ್ತಿ ಇತ್ತು, ಉಕ್ಕನ್ನು ತಿಂದುಹಾಕುತ್ತಿತ್ತು. ಚಿನ್ನಕ್ಕೆ ಏನೂ ಆಗುತ್ತಿರಲಿಲ್ಲ. ಚಿನ್ನದ ನಿಬ್ಬು ಬಂದದ್ದು ಆ ಕಾರಣಕ್ಕೆ. ಈಗಿನ ಸ್ಟೇನ್‌ಲೆಸ್ ಸ್ಟೀಲ್‌ಗೆ ಆ ತೊಂದರೆ ಇಲ್ಲ. ಕೆಲವು ಚಿನ್ನದ ನಿಬ್ಬುಗಳು ಸ್ವಲ್ಪ ಬಳುಕುತ್ತವೆ, ಅದು ಹಿತವಾಗಿರುತ್ತದೆ. ಅಷ್ಟೇ ವ್ಯತ್ಯಾಸ.

ಇನ್ನು 149. 1952ರಲ್ಲಿ ಬಂದ ಪೆನ್, ಇವತ್ತಿಗೂ ಹೆಚ್ಚುಕಡಿಮೆ ಅದೇ ರೂಪ. ಹಿಂಬದಿಯ ತಿರುಪು ತಿರುಗಿಸಿದರೆ ಒಳಗಿನ ಪಿಸ್ಟನ್ ಇಂಕ್ ಎಳೆದುಕೊಳ್ಳುತ್ತದೆ. ನಿಬ್ಬಿನ ಮೇಲೆ 4810 ಅಂತ ಕೆತ್ತಿರುತ್ತಾರೆ, ಅದು ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರಕ್ಕೆ ಹಿಂದಿನಿಂದ ಹೇಳಿಕೊಂಡು ಬಂದ ಎತ್ತರ, ಮೀಟರ್ ಲೆಕ್ಕದಲ್ಲಿ. (ಜಪಾನಿನ ಪ್ಲಾಟಿನಂ ಕಂಪನಿಯ 3776 ಪೆನ್ನಿನ ಹೆಸರೂ ಹೀಗೇ ಬಂದದ್ದು, ಫ್ಯೂಜಿ ಪರ್ವತದ ಎತ್ತರದಿಂದ. ಪೆನ್ ಮಾಡುವವರಿಗೆ ಬೆಟ್ಟದ ಮೇಲೆ ಯಾಕಿಷ್ಟು ಪ್ರೀತಿಯೋ!) ಚೆಂದದ ಪೆನ್, ಅನುಮಾನವಿಲ್ಲ. ಆದರೆ ದಪ್ಪ. ತುಂಬಾ ದಪ್ಪ. ಕೈ ದೊಡ್ಡದಿದ್ದವರಿಗೆ ಅದು ಸುಖ, ಸಣ್ಣ ಕೈಯವರಿಗೆ ಅರ್ಧ ಪುಟಕ್ಕೇ ಹೆಬ್ಬೆರಳ ಬುಡ ಸೋಲುತ್ತದೆ. ಕ್ಯಾಪನ್ನು ಹಿಂದೆ ಸಿಕ್ಕಿಸಿದರಂತೂ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ. ಸಹಿಗೆ ಇದು ಗೊತ್ತಾಗುವುದೇ ಇಲ್ಲ, ಡೈರಿಗೆ ಗೊತ್ತಾಗುತ್ತದೆ.

ಅದಕ್ಕಿಂತ ದೊಡ್ಡ ವಿಷಯ ನಿಬ್ಬಿನ ಅಳತೆ, ಅಂದರೆ ಗೆರೆ ಎಷ್ಟು ದಪ್ಪ ಬೀಳುತ್ತದೆ ಅನ್ನುವುದು. ಈ ಒಂದು ಮಾತನ್ನು ನೀವು ಮರೆಯಬಾರದು ಅಂತ ನನ್ನ ಆಸೆ. ನೀವು ಬರೆಯುವುದು ಕನ್ನಡ. ನಮ್ಮ ಅಕ್ಷರಕ್ಕೆ ಹೊಟ್ಟೆ ಇದೆ, ತಲೆಕಟ್ಟಿದೆ, ಕೆಳಗೆ ಒತ್ತು ಬೇರೆ. ಯುರೋಪಿನ ಮೀಡಿಯಂ ನಿಬ್ಬಿನಲ್ಲಿ ಇಂಗ್ಲಿಷ್ ಚೆನ್ನಾಗಿ ಕಾಣುತ್ತದೆ. ಅದೇ ನಿಬ್ಬಿನಲ್ಲಿ 'ರಾಷ್ಟ್ರ' ಅಂತ ಬರೆದು ನೋಡಿ. ಕೆಳಗಿನ ಎರಡು ಒತ್ತು ಸೇರಿ ಒಂದು ಮಸಿ ಚುಕ್ಕೆಯಾಗುತ್ತದೆ. 'ಣ'ದ ಸುರುಳಿ ತುಂಬಿಹೋಗುತ್ತದೆ. ಡೈರಿಯ ಸಣ್ಣ ಗೆರೆಯ ಮಧ್ಯೆ ಬರೆಯುವವರಿಗೆ ಫೈನ್ ಅಥವಾ ಎಕ್ಸ್‌ಟ್ರಾ ಫೈನ್ ಬೇಕು. ಜಪಾನಿನವರ ಲಿಪಿಯಲ್ಲಿ ಒಂದೇ ಅಕ್ಷರಕ್ಕೆ ಹತ್ತಾರು ಗೆರೆ ಇರುತ್ತವೆ, ಹಾಗಾಗಿ ಅವರ ಫೈನ್ ನಿಬ್ಬು ಸಾಮಾನ್ಯವಾಗಿ ಜರ್ಮನಿಯ ಫೈನ್‌ಗಿಂತ ಸಣ್ಣ. ಕನ್ನಡಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ಮತ್ತೆ, ನಾವು ಬರೆಯುವಾಗ ನಿಬ್ಬು ಎಲ್ಲ ದಿಕ್ಕಿಗೂ ಸುತ್ತುತ್ತದೆ. ಸ್ಟಬ್, ಇಟಾಲಿಕ್ ಅಂತ ತುದಿ ಚಪ್ಪಟೆ ಮಾಡಿದ ನಿಬ್ಬು ಆ ತಿರುವಿನಲ್ಲಿ ಕಾಗದಕ್ಕೆ ಕೆರೆಯುತ್ತದೆ. ಅದು ಬೇಡ.

ಅಂಗಡಿಗೆ ಹೋಗುವಾಗ ನಿಮ್ಮ ಡೈರಿಯನ್ನೇ ತೆಗೆದುಕೊಂಡು ಹೋಗಿ. ಅಲ್ಲಿ ಕೊಡುವ ನುಣುಪು ಕಾಗದದ ಮೇಲೆ ಯಾವ ಪೆನ್ನಾದರೂ ಜಾರುತ್ತದೆ. ನಿಂತು ಗೀಚಬೇಡಿ, ಕುರ್ಚಿ ಕೇಳಿ ಕೂತುಕೊಳ್ಳಿ. ನಿಬ್ಬನ್ನು ಇಂಕ್‌ಗೆ ಅದ್ದಿ ಕೊಡಲು ಹೇಳಿ. ಸಹಿ ಬೇಡ, ಅದನ್ನು ಕೈ ಕಣ್ಣುಮುಚ್ಚಿ ಹಾಕುತ್ತದೆ. 'ಲಕ್ಷ್ಮಿ', 'ಸ್ವಾತಂತ್ರ್ಯ', 'ಕೃಷ್ಣ', 'ಬೆಣ್ಣೆ' ಬರೆಯಿರಿ. ಆಮೇಲೆ ಹಿಂದಿನ ರಾತ್ರಿಯ ಡೈರಿಯ ಒಂದು ಪುಟ ಪೂರ್ತಿ ನಕಲು ಮಾಡಿ. ಪ್ರತಿ ಪದದ ಮೊದಲ ಗೆರೆ ನೋಡಿ. ಅಲ್ಲಲ್ಲಿ ಶುರುವಿನಲ್ಲೇ ಇಂಕ್ ತಪ್ಪುತ್ತಿದ್ದರೆ ತುದಿಯನ್ನು ಅತಿಯಾಗಿ ಉಜ್ಜಿರಬಹುದು, ಲಕ್ಷದ ಪೆನ್ನಿನಲ್ಲೂ ಇದು ಆಗುತ್ತದೆ. ಒಡವೆ ಅಂಗಡಿಯವರು ಇಡುವಂಥ ಭೂತಗನ್ನಡಿ ಇದ್ದರೆ ಸೀಳಿನ ಆಚೀಚೆಯ ಎರಡು ತುದಿ ಸಮ ಇವೆಯಾ ನೋಡಿ. ಬೇರೆ ನಿಬ್ಬು ತೋರಿಸಿ ಅಂತ ಕೇಳಲು ಸಂಕೋಚ ಬೇಡ. ದುಡ್ಡು ನಿಮ್ಮದು. ಇನ್ನೊಂದು ಕೇಳಿ: ರಿಪೇರಿ ಬಂದರೆ ಇಲ್ಲೇ ಮಾಡುತ್ತೀರಾ, ಹೊರಗೆ ಕಳಿಸುತ್ತೀರಾ, ಎಷ್ಟು ವಾರ, ಎಷ್ಟು ಖರ್ಚು? ಬಸವನಗುಡಿಯ ಹಳೇ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ನಿಬ್ಬು ಕೆಳಗಾಗಿ ಒಮ್ಮೆ ಬಿದ್ದರೆ ಸಾಕು, ಹೊಸ ನಿಬ್ಬೇ ಗತಿ. ಆ ನಿಬ್ಬಿನ ದುಡ್ಡಿಗೆ ಇನ್ನೊಂದು ಒಳ್ಳೆಯ ಪೆನ್ ಬರುತ್ತದೆ.

ಹಾಗಾದರೆ ಏನು ಮಾಡುವುದು? ಈಗಲೇ 149 ಬೇಡ ಅನ್ನುವುದು ನನ್ನ ಅಭಿಪ್ರಾಯ. ಇಂಕ್ ಪೆನ್ ಬಿಟ್ಟು ಇಷ್ಟು ವರ್ಷವಾಗಿದೆ. ನಿಮ್ಮ ಕೈಗೆ ಈಗ ಯಾವ ದಪ್ಪ, ಯಾವ ನಿಬ್ಬು ಒಗ್ಗುತ್ತದೆ ಅಂತ ನಿಮಗೇ ಗೊತ್ತಿಲ್ಲ. ಮೊದಲು ಎರಡು-ಮೂರು ಸಾವಿರದ ಸ್ಟೀಲ್ ನಿಬ್ಬಿನ ಪೆನ್ ತಗೊಳ್ಳಿ. ಲ್ಯಾಮಿ ಸಫಾರಿ, ಪೈಲಟ್ ಮೆಟ್ರೊಪಾಲಿಟನ್, ಇಂಥವು. ಅಥವಾ ಪಕ್ಕದ ರಾಜ್ಯಗಳಲ್ಲಿ ಕೈಯಿಂದಲೇ ಕಡೆದು ಮಾಡುವ ಎಬೊನೈಟ್ ಪೆನ್. ರಾಜಮಂಡ್ರಿಯ ರತ್ನಂ ಪೆನ್ ಗೊತ್ತಲ್ವಾ? ಗಾಂಧೀಜಿ ಅದರಲ್ಲಿ ಬರೆದು ನೋಡಿ 1935ರಲ್ಲಿ ಮೆಚ್ಚುಗೆಯ ಪತ್ರ ಕಳಿಸಿದ್ದರು. ಎಬೊನೈಟ್ ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್. ಕೈಗೆ ತಣ್ಣಗೆ ಹತ್ತುವುದಿಲ್ಲ, ಬೆವರಿದರೂ ಜಾರುವುದಿಲ್ಲ. ಆ ಹಿಡಿತ ದುಬಾರಿ ರಾಳದ ಪೆನ್ನುಗಳಲ್ಲೂ ನನಗೆ ಸಿಕ್ಕಿಲ್ಲ.

ಡೈರಿ ಆರು ತಿಂಗಳು ಅದರಲ್ಲೇ ನಡೆಯಲಿ. ವಾರಕ್ಕೋ ಹತ್ತು ದಿನಕ್ಕೋ ಇಂಕ್ ತುಂಬುವುದು, ಬೆರಳಿಗೆ ಮಸಿಯಾಗುವುದು, ಬಣ್ಣ ಬದಲಿಸುವಾಗ ತೊಳೆಯುವುದು, ಇವೆಲ್ಲ ಇಷ್ಟವಾಗುತ್ತವಾ ನೋಡಿ. ಇಷ್ಟವಾಗದಿದ್ದರೆ ಲಕ್ಷ ಉಳಿಯಿತು. ಇಷ್ಟವಾದರೆ ಪೈಲಟ್ ಕಸ್ಟಮ್ 823, ಪ್ಲಾಟಿನಂ 3776, ಲ್ಯಾಮಿ 2000 ಹಿಡಿದು ನೋಡಿ. ಮೂರಕ್ಕೂ 14 ಕ್ಯಾರೆಟ್ ನಿಬ್ಬು, ಬೆಲೆ 149ಕ್ಕಿಂತ ತುಂಬಾ ಕೆಳಗೆ. ಲ್ಯಾಮಿ 2000 ಬಂದದ್ದು 1966ರಲ್ಲಿ, ಇವತ್ತಿಗೂ ಹಳತು ಅನ್ನಿಸುವುದಿಲ್ಲ. ನಿಮ್ಮ ಡೈರಿಗೆ ನಾನೇ ಆರಿಸಬೇಕಾದರೆ 3776ರ ಫೈನ್ ನಿಬ್ಬು. ಎರಡು ವಾರ ಮುಟ್ಟದೆ ಇಟ್ಟರೂ ಅದರ ಕ್ಯಾಪ್ ಒಳಗೆ ಇಂಕ್ ಒಣಗುವುದಿಲ್ಲ.

ಇದೆಲ್ಲ ಆದಮೇಲೂ ಮನಸ್ಸು 149ರ ಹತ್ತಿರವೇ ನಿಂತಿದೆಯಾ? ಆಗ ಕೊಳ್ಳಿ, ಸಂತೋಷವಾಗಿ. ಕಂತಿನಲ್ಲಿ ಬೇಡ. ಬೀರುವಿನಲ್ಲಿ ಇಡಲೂ ಬೇಡ. ಹೂಡಿಕೆ ಅಂತ ಮನೆಯಲ್ಲಿ ಹೇಳಿ ಒಪ್ಪಿಸಬೇಡಿ, ನೀವೇ ಲೆಕ್ಕದವರು, ನಿಮಗೆ ಗೊತ್ತು. ಕೆಲವು ಸೀಮಿತ ಆವೃತ್ತಿಗಳನ್ನು ಬಿಟ್ಟರೆ ಪೆನ್ ಅಂಗಡಿಯ ಬಾಗಿಲು ದಾಟುತ್ತಲೇ ಬೆಲೆ ಇಳಿಯುತ್ತದೆ. ಮಗಳಿಗೆ ಕೊಡಬಹುದಾ ಅಂದರೆ, ಧಾರಾಳವಾಗಿ. 1950ರ ದಶಕದ 149ಗಳು ಈಗಲೂ ಬರೆಯುತ್ತಿವೆ. ಆದರೆ ಚೆನ್ನಾಗಿ ತೊಳೆದಿಟ್ಟ 3776 ಕೂಡ ಮಗಳ ಕಾಲಕ್ಕೆ ಬರೆಯುತ್ತದೆ. ನಿಮ್ಮ ಆಸೆಗೆ ಮಗಳ ಹೆಸರು ಹೇಳಬೇಕಾಗಿಲ್ಲ. 50 ತುಂಬಿದವರಿಗೆ ತಮ್ಮ ಸಲುವಾಗಿಯೇ ಒಂದು ಪೆನ್ ಬೇಕು ಅನ್ನಿಸಿದರೆ ಅದರಲ್ಲಿ ತಪ್ಪೇನಿದೆ?

ಪ್ರಶ್ನೆ: ತಾತನ ಪಾರ್ಕರ್ 51 ಸಿಕ್ಕಿದೆ. ಇಂಕ್ ಒಳಗೇ ಒಣಗಿ ಬರೆಯುತ್ತಿಲ್ಲ. ಇದನ್ನು ರಿಪೇರಿ ಮಾಡಿಸಲೋ, ಎಂಟು ಸಾವಿರಕ್ಕೆ ಹೊಸದೊಂದು ಕೊಳ್ಳಲೋ?
— ಓದುಗರು, ಯಲಹಂಕ

ಉತ್ತರ: ಹೊಸದು ಕೊಳ್ಳಬೇಡಿ, ನಿಮ್ಮ ಕೈಯಲ್ಲಿರುವುದು ಅದಕ್ಕಿಂತ ಒಳ್ಳೆಯ ಪೆನ್! 1941ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ ಅದು. ನಿಬ್ಬು ಹೆಚ್ಚುಕಡಿಮೆ ಪೂರ್ತಿ ಒಳಗೆ ಅಡಗಿ ತುದಿ ಮಾತ್ರ ಕಾಣುತ್ತದೆ. ನಮ್ಮಲ್ಲಿ ಮನೆಮನೆಯಲ್ಲಿದ್ದ ಹೀರೋ ಪೆನ್ನಿಗೆ ಇದೇ ಮಾದರಿ.

ಹಿಂಭಾಗ ತಿರುಗಿಸಿ ಬಿಚ್ಚಿ. ಒಳಗೆ ಲೋಹದ ಕವಚ, ಅದರಲ್ಲಿ ಒತ್ತುವ ಪಟ್ಟಿ ಇದ್ದರೆ ಅದು 1948ರಲ್ಲೋ ಆಮೇಲೋ ಮಾಡಿದ್ದು, ಗಟ್ಟಿ ಪೆನ್. ಹೇಗೆ ತುಂಬಬೇಕು ಅಂತ ಕವಚದ ಮೇಲೇ ಕೆತ್ತಿರುತ್ತಾರೆ. ಒಂದು ಲೋಟದಲ್ಲಿ ಫಿಲ್ಟರ್ ನೀರು ತಗೊಳ್ಳಿ. ಬೋರ್‌ವೆಲ್ ನೀರು ಬೇಡ, ಅದರ ಸುಣ್ಣ ಒಳಗೆ ಕೂರುತ್ತದೆ. ನಿಬ್ಬಿನ ಕಡೆ ಮುಳುಗಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರು ನೀಲಿಯಾಗಿರುತ್ತದೆ. ಪಟ್ಟಿ ಒತ್ತಿ ಒತ್ತಿ ನೀರು ಎಳೆದು ಬಿಡಿ, ಲೋಟದ ನೀರು ಬದಲಿಸಿ. ನೀರು ತಿಳಿಯಾಗಲು ಕೆಲವು ದಿನ ಹಿಡಿಯಬಹುದು, ತಾಳ್ಮೆ ಇರಲಿ. ಬಿಸಿನೀರು, ಸ್ಪಿರಿಟ್, ಸ್ಯಾನಿಟೈಸರ್ ಯಾವುದೂ ಬೇಡ. ಅದರ ಮೈ ಅಕ್ರಿಲಿಕ್, ಸ್ಪಿರಿಟ್ ತಾಗಿದರೆ ಸಣ್ಣ ಸಣ್ಣ ಬಿರುಕು ಬೀಳುತ್ತದೆ. ಆಮೇಲೆ ಸಾಧಾರಣ ನೀಲಿ ಇಂಕ್ ಹಾಕಿ. ಚಿತ್ರ ಬರೆಯುವ ಇಂಡಿಯನ್ ಇಂಕ್ ಮಾತ್ರ ಯಾವ ಇಂಕ್ ಪೆನ್ನಿಗೂ ಹಾಕಬಾರದು, ಅದರ ಅಂಟು ಒಣಗಿದರೆ ಪೆನ್ ಕಟ್ಟಿಹೋಗುತ್ತದೆ.

ಪ್ರಶ್ನೆ: ವಾಟ್ಸ್ಯಾಪ್ ಗ್ರೂಪಿನಲ್ಲಿ ಮಾಂಟ್‌ಬ್ಲಾಂಕ್ 149 ಒಂಬತ್ತು ಸಾವಿರಕ್ಕೆ ಬಂದಿದೆ. 'ಗಿಫ್ಟ್ ಬಂದದ್ದು, ಬಿಲ್ ಇಲ್ಲ' ಅನ್ನುತ್ತಾರೆ. ತಗೊಳ್ಳಬಹುದಾ?
— ಓದುಗರು, ವಿಜಯನಗರ

ಉತ್ತರ: ಬೇಡ. ಆ ಬೆಲೆಗೆ ಅಸಲಿ ಸಿಗುವುದಿಲ್ಲ.

ಮುಂದೆ ಯಾವಾಗಲಾದರೂ ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಪೆನ್ ಕೈಗೆ ತಗೊಂಡು ಎರಡು ಕೆಲಸ ಮಾಡಿ. ಕ್ಯಾಪ್ ತೆಗೆಯಿರಿ: 149ರ ಕ್ಯಾಪ್ ತಿರುಗಿಸಿ ತೆಗೆಯುವಂಥದು, ಎಳೆದು ತೆಗೆಯುವಂತಿದ್ದರೆ ಅಲ್ಲಿಗೇ ಮುಗಿಯಿತು. ಆಮೇಲೆ ಹಿಂಬದಿಯ ತಿರುಪು ತಿರುಗಿಸಿ, ಇಂಕ್ ಕಾಣುವ ಕಿಟಕಿಯಲ್ಲಿ ಪಿಸ್ಟನ್ ಮೇಲೆ ಕೆಳಗೆ ಹೋಗುವುದನ್ನು ಕಣ್ಣಾರೆ ನೋಡಿ. ಮೈ ಬಿಚ್ಚಿಕೊಂಡು ಒಳಗೆ ಕಾರ್ಟ್ರಿಜ್ ಅಥವಾ ಕನ್ವರ್ಟರ್ (ತೆಗೆದು ಹಾಕುವಂಥ ಇಂಕ್ ಕೊಳವೆ) ಕಂಡರೆ ಅದು 149 ಅಲ್ಲವೇ ಅಲ್ಲ. ಈಗಿನ ಪೆನ್ನಾದರೆ ಕ್ಲಿಪ್ಪಿನ ಬುಡದ ಬಳೆಯ ಮೇಲೆ ಕ್ರಮಸಂಖ್ಯೆಯೂ ಕೆತ್ತಿರುತ್ತದೆ. ಆದರೆ ನಕಲಿಯವರು ಸಂಖ್ಯೆಯನ್ನೂ ಕೆತ್ತುತ್ತಾರೆ, ಅದೊಂದನ್ನೇ ನಂಬಿ ದುಡ್ಡು ಕೊಡಬೇಡಿ. ಹೊರಗೆ ಎಲ್ಲಾದರೂ ಭೇಟಿಯಾಗಲು, ನೀರು ತುಂಬಿಸಿ ನೋಡಲು ಒಪ್ಪದವರ ಹತ್ತಿರ ಮಾತು ಮುಂದುವರಿಸಬೇಡಿ. ಬಿಲ್, ಡಬ್ಬಿ, ಸರ್ವಿಸ್ ಪುಸ್ತಕ ಮೂರೂ ಇದ್ದು, ಅದರ ಮೇಲಿನ ವಿವರ ಪೆನ್ನಿಗೆ ಹೊಂದಿದರೆ ಆಮೇಲೆ ಬೆಲೆ ಮಾತಾಡಿ.