437ನೇ ಅಮರ ಚಿತ್ರ ಕಥೆ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಅಮರ ಚಿತ್ರ ಕಥೆಯ ಹಳೆಯ ಇಂಗ್ಲಿಷ್ ಸಂಚಿಕೆಗಳನ್ನೂ ಕೆಲವು ಹೊಸ ಮುದ್ರಣಗಳನ್ನೂ ಕ್ಯಾಟಲಾಗ್ ಆ್ಯಪ್‌ಗೆ ಏರಿಸಿದ್ದೇನೆ. 1ರಿಂದ 10 ಮತ್ತು 437ರಿಂದ 500 ಬಾಕಿ ಎಂದು ತೋರಿಸುತ್ತಿದೆ. ಈ 74 ಸಂಚಿಕೆ ಯಾವ ಹಳೆ ಪುಸ್ತಕದಂಗಡಿಯಲ್ಲೂ ಇಲ್ಲ. ಮಹಾಭಾರತದ ಮೂರು ಸಂಪುಟ ಮನೆಯಲ್ಲಿದ್ದರೂ ಅದರ 42 ಭಾಗಗಳೂ ಬಾಕಿಯಂತೆ. ಏನು ಮಾಡಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: 437ರ ಹುಡುಕಾಟ ಇವತ್ತೇ ನಿಲ್ಲಿಸಿ. ಮೂಲ ಸರಣಿ 1991ರಲ್ಲಿ 436ನೇ ಸಂಚಿಕೆ ‘ಜವಾಹರಲಾಲ್ ನೆಹರು’ಗೆ ನಿಂತಿತು. ಆಮೇಲೆ ಮರುಮುದ್ರಣಕ್ಕೆ 501ರಿಂದ ಹೊಸ ಸಂಖ್ಯೆ ಕೊಟ್ಟರು. ‘ಕೃಷ್ಣ’ ಹಳೆಯದರಲ್ಲಿ 11, ಹೊಸದರಲ್ಲಿ 501; ಕಥೆ ಒಂದೇ. ಆ್ಯಪ್‌ಗೆ ಇದು ತಿಳಿಯದು. ನಿಮ್ಮಲ್ಲಿರುವ ದೊಡ್ಡ ಸಂಖ್ಯೆಯವರೆಗೆ ಎಣಿಸಿ, ನಡುವೆ ಕಾಣದ್ದನ್ನೆಲ್ಲ ಬಾಕಿಗೆ ಸೇರಿಸುತ್ತದೆ, ಅಷ್ಟೆ.

1ರಿಂದ 10ರ ವಿಚಾರ ಬೇರೆ. ಅವು ಸಿಂಡ್ರೆಲಾದಂಥ ಪಾಶ್ಚಾತ್ಯ ಮಕ್ಕಳ ಕಥೆಗಳು, ಕನ್ನಡದಲ್ಲಿ ಬಂದವು. ಇಂಗ್ಲಿಷ್ ಸರಣಿ ಶುರುವಾಗುವುದೇ 11ರಿಂದ. ಆ ಕನ್ನಡ ಪುಸ್ತಕ ಒಂದಾದರೂ ಕೈಗೆ ಸಿಕ್ಕರೆ ಖಂಡಿತ ಬಿಡಬೇಡಿ, ಆದರೆ ಇಂಗ್ಲಿಷ್ ಲೆಕ್ಕಕ್ಕೆ ಹಾಕಬೇಡಿ.

ಈಗ ಒಂದೇ ಸರಣಿಯಾಗಿರುವುದನ್ನು ಒಡೆಯಿರಿ: ‘ಇಂಗ್ಲಿಷ್, ಹಳೆಯದು’, ‘ಇಂಗ್ಲಿಷ್, 501ರ ನಂತರ’, ‘ಕನ್ನಡ’. ಮೊದಲನೆಯದಕ್ಕೆ ಆರಂಭ 11, ಕೊನೆ 436 ಎಂದು ನೀವೇ ಕೊಡಿ. ಒಟ್ಟು 426. ಆರಂಭ–ಕೊನೆ ಕೊಡಲು ಆ್ಯಪ್‌ನಲ್ಲಿ ಜಾಗವಿಲ್ಲದಿದ್ದರೆ, ಇಲ್ಲದ ಸಂಚಿಕೆಗಳನ್ನು ಒಂದೊಂದಾಗಿ ‘ಬೇಕಾಗಿದೆ’ ಪಟ್ಟಿಗೆ ಸೇರಿಸಿ, ಆ ಪಟ್ಟಿಯನ್ನಷ್ಟೇ ನಂಬಿ. ಕನ್ನಡಕ್ಕೆ ಇಂಗ್ಲಿಷ್ ಪಟ್ಟಿಯನ್ನು ನಕಲು ಮಾಡಬೇಡಿ. ನಿಮ್ಮಲ್ಲಿರುವ ಕನ್ನಡ ಸಂಚಿಕೆಗಳ ರಕ್ಷಾಪುಟದಲ್ಲಿ ಅಚ್ಚಾದ ಶೀರ್ಷಿಕೆಗಳಿಂದಲೇ ಪಟ್ಟಿ ಬೆಳೆಸಿ.

ಮಹಾಭಾರತದ ಗೊಂದಲಕ್ಕೆ ಎರಡು ಕಾರಣ. ಬಿಡಿ ಸಂಚಿಕೆಗೆ ಸರಣಿಯ ಸಂಖ್ಯೆಯೂ ಇದೆ, ಮಹಾಭಾರತದ ಭಾಗದ ಸಂಖ್ಯೆಯೂ ಇದೆ. ಮೊದಲ ಭಾಗ ‘ವೇದವ್ಯಾಸ’ ಸರಣಿಯಲ್ಲಿ 329. ಸಂಖ್ಯೆಯ ಅಂಕಣಕ್ಕೆ 329 ಹಾಕಿ, ‘ಭಾಗ 1’ ಟಿಪ್ಪಣಿಗೆ ಹೋಗಲಿ. ಇನ್ನು ಸಂಪುಟದ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಒಂದೇ ಪುಸ್ತಕ ಸೇರುತ್ತದೆ, ಒಳಗಿನ ಭಾಗಗಳಲ್ಲ. ಓದಲು ಇದ್ದರೆ ಸಾಕೆನ್ನುವವರು ಆ 42ಕ್ಕೆ ‘ಸಂಪುಟದಲ್ಲಿದೆ’ ಎಂಬ ಗುರುತು ಹಾಕಬಹುದು. ಬಿಡಿ ಸಂಚಿಕೆಯೇ ಬೇಕೆನ್ನುವವರಿಗೆ ಅವು ನಿಜಕ್ಕೂ ಬಾಕಿ. ಇದನ್ನು ಮೊದಲೇ ತೀರ್ಮಾನಿಸಿ. ನಡುವೆ ಬದಲಿಸಿದರೆ ಲೆಕ್ಕವೆಲ್ಲ ಕಲಸಿಹೋಗುತ್ತದೆ.

ಹಳೆಯ ಸಂಚಿಕೆಗಳಿಗೆ ಬಾರ್‌ಕೋಡ್ ಇಲ್ಲ, ಕೈಯಲ್ಲೇ ನಮೂದಿಸಬೇಕು. ಆಗ ಒಂದು ಕಡೆ ‘೪೫’, ಇನ್ನೊಂದು ಕಡೆ ‘45’ ಎಂದು ಬರೆದರೆ ಎಷ್ಟೋ ಆ್ಯಪ್‌ಗಳಿಗೆ ಅವು ಬೇರೆ ಬೇರೆ. 2ರ ಮೊದಲು 10, 100 ಬರುತ್ತಿದ್ದರೆ ಸಂಖ್ಯೆ ಪಠ್ಯವಾಗಿ ಕೂತಿದೆ ಎಂದರ್ಥ. ‘011’, ‘045’ ಎಂದು ಮೂರಂಕಿ ಮಾಡಿ. ಒಂದೇ ಸಂಖ್ಯೆಯ ಎರಡು ಪ್ರತಿಗಳಲ್ಲಿ ಮುಖಪುಟದ ಬೆಲೆ ಬೇರೆಯಿದ್ದರೆ ಅವು ಬೇರೆ ಮುದ್ರಣಗಳು. ಬೆಲೆಯನ್ನೂ ಬರೆದಿಡಿ, ಆದರೆ ಪೂರ್ಣತೆಗೆ ಒಂದೇ ಎಂದು ಎಣಿಸಿ.

ಇಂದ್ರಜಾಲ ಕಾಮಿಕ್ಸ್ ಕೂಡ ಇದ್ದರೆ ಅಲ್ಲೂ ಎಚ್ಚರ: 123, 124 ಮುಷ್ಕರದಿಂದಾಗಿ ಹೊರಬರಲೇ ಇಲ್ಲ. ಆ ಎರಡಕ್ಕೂ ‘ಪ್ರಕಟವಾಗಿಲ್ಲ’ ಎಂದು ಬರೆದು ಬಾಕಿ ಪಟ್ಟಿಯಿಂದ ತೆಗೆಯಿರಿ.