ಬಿವಿಬಿ ಅಂದರೆ ಯಾರು ಹೇಳಿ?

ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಮಗ ಓದುವ ಕಾಲೇಜಿನಲ್ಲಿ ಹೊಸ ಬ್ಲಾಕ್ ಕಟ್ಟಿದ್ದಾರೆ. ಅದರ ನೆತ್ತಿ ಮೇಲೆ ಆಳೆತ್ತರದ ಸ್ಟೀಲ್ ಅಕ್ಷರಗಳಲ್ಲಿ ದುಡ್ಡು ಕೊಟ್ಟವರ ಹೆಸರು. ಪಂಪನ ಹೆಸರಿಡಬಹುದಿತ್ತು, ಸಿ.ವಿ. ರಾಮನ್ ಹೆಸರಿಡಬಹುದಿತ್ತು. ವಿದ್ಯೆಯ ಜಾಗವನ್ನೂ ಸಾಹುಕಾರರಿಗೆ ಬರೆದುಕೊಟ್ಟ ಹಾಗಾಯಿತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ ಹಿರಿಯರು ಹೇಳಿದ್ದಾರಲ್ಲ, ಇದು ಯಾವ ಸೀಮೆ ದಾನ?"

ಸರ್, ನಿಮ್ಮ ಸಿಟ್ಟಿನಲ್ಲಿ ಒಂದು ಮಾತು ನಿಜ. ದುಡ್ಡು ಎಲ್ಲಿಂದ ಬಂತು ಅಂತ ಕೇಳಲೇಬೇಕು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯ 2019ರಲ್ಲಿ ತನ್ನ ಕಟ್ಟಡಗಳಿಂದ ಸ್ಯಾಕ್ಲರ್ ಅನ್ನುವ ಹೆಸರನ್ನು ಕಿತ್ತುಹಾಕಿತು, ಯಾಕಂದರೆ ಆ ಮನೆತನದ ಕಂಪನಿ ಮಾರಿದ ನೋವಿನ ಮಾತ್ರೆಯ ಚಟಕ್ಕೆ ಬಿದ್ದು ಎಷ್ಟೋ ಸಂಸಾರಗಳು ಹಾಳಾಗಿದ್ದವು. ಒಳ್ಳೆಯದೇ ಮಾಡಿದರು. ಆದರೆ ಕೊಟ್ಟವರ ಹೆಸರೇ ಬೇಡ ಅನ್ನುತ್ತೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಊರಿನದ್ದೇ ತಗೊಳ್ಳಿ. ಆಟೋದವರಿಗೆ "ಬಿವಿಬಿ" ಅಂದರೆ ಸಾಕು, ಕರೆದುಕೊಂಡು ಹೋಗಿ ಬಿಡುತ್ತಾರೆ. ಬಿವಿಬಿ ಅಂದರೆ ಯಾರು? ಬಸಪ್ಪ ವೀರಪ್ಪ ಭೂಮರಡ್ಡಿ. ಅವರ ಹೆಸರಿನಲ್ಲಿ 1947ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು ಅದು. ಬೆಂಗಳೂರಿಗೆ ಬನ್ನಿ, ಬಿಎಂಎಸ್. 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯ ಅನ್ನುವವರು ಸ್ವಂತ ದುಡ್ಡು ಹಾಕಿ ಎಂಜಿನಿಯರಿಂಗ್ ಕಾಲೇಜು ತೆಗೆದರು. ಬೆಳಗಾವಿಗೆ ಹೋಗಿ, ಆರ್‌ಎಲ್‌ಎಸ್ ಕಾಲೇಜು. ಅದು ರಾಜಾ ಲಖಮಗೌಡರ ಹೆಸರು. ನೀವು ಹೆಸರು ಜಾಸ್ತಿಯಾಯಿತು ಅನ್ನುತ್ತೀರಿ. ನನಗೆ ಕಾಣುವುದು ಹೆಸರು ಸವೆದು ಸವೆದು ಮೂರಕ್ಷರ ಉಳಿದಿರುವುದು. ನಾಲ್ಕು ವರ್ಷ ಅಲ್ಲಿ ಓದಿ ಬಂದ ಹುಡುಗರನ್ನು ನಾನೇ ಕೇಳಿದ್ದೇನೆ. ಎಷ್ಟೋ ಜನರಿಗೆ ಆ ಮೂರಕ್ಷರದ ಹಿಂದೆ ಒಬ್ಬ ಮನುಷ್ಯ ಇದ್ದ ಅನ್ನುವುದೇ ಗೊತ್ತಿಲ್ಲ.

ಸಿರಸಂಗಿ ಲಿಂಗರಾಜರ ವಿಷಯ ನಿಮಗೆ ಗೊತ್ತಿರಬೇಕು, ನೀವು ಆ ಕಡೆಯವರು. ದೇಸಗತಿ ಮನೆತನ, ಬೇಕಾದಷ್ಟು ಆಸ್ತಿ. ಅದನ್ನು ಮಕ್ಕಳ ಓದಿಗೆ ಅಂತ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಬೆಳಗಾವಿಯಲ್ಲಿ ಅವರ ಹೆಸರಿನ ಲಿಂಗರಾಜ ಕಾಲೇಜು ಬಾಗಿಲು ತೆಗೆದದ್ದು 1933ರಲ್ಲಿ. ಆ ಹೊತ್ತಿಗೆ ಅವರು ಹೋಗಿ 27 ವರ್ಷ ಆಗಿತ್ತು. ಇದರಲ್ಲಿ ಹೆಸರಿನ ಆಸೆ ಎಲ್ಲಿ ಬಂತು ಹೇಳಿ? ಹೆಸರಿಟ್ಟವರು ಉಳಿದವರು. ಉಂಡವರು ಉಣಿಸಿದವರನ್ನು ನೆನೆಯುವುದು ತಪ್ಪಾ?

ಇನ್ನು ಹೆಸರು ಬೇಡ ಅಂದವರೂ ಇದ್ದರು. ಜಮ್‌ಶೆಟ್‌ಜಿ ಟಾಟಾ 1898ರಲ್ಲಿ ಒಂದು ವಿಜ್ಞಾನ ಸಂಸ್ಥೆಗೆ ಅಂತ ಬೊಂಬಾಯಿಯ 14 ಕಟ್ಟಡ, 4 ಜಮೀನು ಎತ್ತಿಟ್ಟರು. ಆಗಿನ ಲೆಕ್ಕದಲ್ಲೇ 30 ಲಕ್ಷ ರೂಪಾಯಿ. ನನ್ನ ಹೆಸರು ಮಾತ್ರ ಇಡಬೇಡಿ ಅಂದರು. ಸಂಸ್ಥೆ ಆಗುವುದನ್ನು ನೋಡಲಿಲ್ಲ, 1904ರಲ್ಲೇ ಹೋದರು. ಮೈಸೂರು ಅರಮನೆ ಬೆಂಗಳೂರಿನಲ್ಲಿ 371 ಎಕರೆ ಕೊಟ್ಟಿತು, 1909ರಲ್ಲಿ ಸಂಸ್ಥೆ ಆಯಿತು, ಭಾರತೀಯ ವಿಜ್ಞಾನ ಸಂಸ್ಥೆ ಅಂತ ಹೆಸರಾಯಿತು. ಆದರೆ ಬೆಂಗಳೂರಿನ ಜನ ಬಿಡಬೇಕಲ್ಲ! ಬಸ್ಸಿನಲ್ಲಿ ಇವತ್ತಿಗೂ "ಟಾಟಾ ಇನ್‌ಸ್ಟಿಟ್ಯೂಟ್" ಅಂತಲೇ ಟಿಕೆಟ್ ಕೇಳುವ ಹಿರಿಯರಿದ್ದಾರೆ. ಜಾಗ ಕೊಟ್ಟ ಮಹಾರಾಜ ಕೃಷ್ಣರಾಜ ಒಡೆಯರು ಮತ್ತು ಅವರ ತಾಯಿ ಕೆಂಪನಂಜಮ್ಮಣ್ಣಿ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅದು ನನಗೆ ಬೇಜಾರು. ಅದೇ ಸಂಸ್ಥೆಗೆ 2022ರಲ್ಲಿ ಬಾಗ್ಚಿ ದಂಪತಿ ಮತ್ತು ಪಾರ್ಥಸಾರಥಿ ದಂಪತಿ ಸೇರಿ 800 ಹಾಸಿಗೆಯ ಆಸ್ಪತ್ರೆಗೆ 425 ಕೋಟಿ ಕೊಡುತ್ತೇವೆ ಅಂದರು. ಆಸ್ಪತ್ರೆಗೆ ಅವರ ಹೆಸರು. ಇರಲಿ ಬಿಡಿ, ಸರ್. ಸಂತೋಷವಾಗಿ ಇರಲಿ.

ಹಿರಿಯರು ಹೆಸರು ಬೇಡ ಅಂದರು ಅಂತ ಬರೆದಿದ್ದೀರಿ. ಯಾವ ಹಿರಿಯರು? ನಮ್ಮ ನಾಡಿನಲ್ಲಿ ಹೊಲಕ್ಕೊಂದು ದಾನಶಾಸನ ಸಿಗುತ್ತದೆ. ವಿಜಯಪುರ ಜಿಲ್ಲೆಯ ಇಂಡಿ ಹತ್ತಿರ ಸಾಲೋಟಗಿ ಇದೆ. ಅಲ್ಲಿಯ ಕಂಬದ ಶಾಸನ 945ರದ್ದು, ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡಿನಿಂದ ಹುಡುಗರು ಬಂದು ಓದುತ್ತಿದ್ದರು, ಅವರು ಉಳಿಯುವುದಕ್ಕೆ 27 ಮನೆ. ಖರ್ಚಿಗೆ 500 ನಿವರ್ತನ (ಆಗಿನ ನೆಲದ ಅಳತೆ) ಭೂಮಿ, ದೀಪದ ಖರ್ಚಿಗೇ ಬೇರೆ 12 ನಿವರ್ತನ. ಊರಲ್ಲಿ ಮದುವೆ ಆದರೆ ಶಾಲೆಗೆ 5 ನಾಣ್ಯ ಕೊಡಬೇಕು. ದೀಪದ ಎಣ್ಣೆಗೂ ಲೆಕ್ಕ! ಕೊಟ್ಟವನ ಹೆಸರು ಇದೆ, ಯಾಕೆ ಕೊಟ್ಟ ಅಂತ ಇದೆ, ಯಾರಿಗೆ ಅಂತಲೂ ಇದೆ. ನಮ್ಮ ಶಾಸನಗಳಲ್ಲಿ ಕೊನೆಗೆ ಶಾಪ ಬೇರೆ ಹಾಕಿರುತ್ತಾರೆ: ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ ಅಂತ. ನಿಮ್ಮ ಮಗನ ಕಾಲೇಜಿನ ಸ್ಟೀಲ್ ಅಕ್ಷರದಲ್ಲಿ ನನಗೆ ಕಾಣುವ ಕೊರತೆ ಇದು. ಹೆಸರೊಂದೇ ಇದೆ, ಶಾಸನ ಇಲ್ಲ.

ನಾನು ಓದಿದ್ದು ಒಂದು ಪುಕ್ಕಟೆ ಹಾಸ್ಟೆಲಿನಲ್ಲಿ. ಊಟದ ಮನೆ ಗೋಡೆಯಲ್ಲಿ ಒಂದು ಕಲ್ಲು ಕೂರಿಸಿದ್ದರು, ದಾನಿಗಳ ಪಟ್ಟಿ. ಮೇಲೆ ಸಾವಿರ ಕೊಟ್ಟವರು, ಕೆಳಗೆ ಜೋಳ ಕೊಟ್ಟವರು. ಕಡೆಯ ಸಾಲಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರು, ಮುಂದೆ "ಎರಡು ಚೀಲ ಜೋಳ" ಅಂತ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ದಿನಾ ಓದುತ್ತಿದ್ದೆ. ಹೋದ ವರ್ಷ ಹೋಗಿ ನೋಡಿದರೆ ಗೋಡೆಗೆ ಹಸಿರು ಆಯಿಲ್ ಪೇಂಟ್ ಬಳಿದಿದ್ದಾರೆ, ಕಲ್ಲಿನ ಸಮೇತ. ಕೈಯಾಡಿಸಿದರೆ ಅಕ್ಷರ ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದು ಬರೀ ಕಾಲೇಜಿನ ರೋಗ ಅಲ್ಲ. ಬೆಂಗಳೂರಿನ ರೈಲ್ವೆ ಸ್ಟೇಷನ್ನಿಗೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿಟ್ಟೆವು, ಈಗ ಟಿಕೆಟ್ಟಿನ ಮೇಲೆ ಕೆಎಸ್‌ಆರ್. ವಿಶ್ವೇಶ್ವರಯ್ಯನವರು ತಮ್ಮ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುದಲ್ಲಿ ಬರೀ "ವಿ" ಆದರು. ಧಾರವಾಡದ ಕರ್ನಾಟಕ ಕಾಲೇಜಿಗೆ ವಂತಿಗೆ ಕೂಡಿಸಿದ ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರಿಗೆ ಮೂರಕ್ಷರದ ಭಾಗ್ಯವೂ ಇಲ್ಲ. ಹೆಸರಿಡುವ ದಿನ ಹಾರ, ಭಾಷಣ, ಊಟ. ಮಾರನೇ ದಿನ ಆ ಹೆಸರನ್ನು ಪೂರ್ತಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಪಂಪನ ಹೆಸರಿಡಲಿ ಅಂದಿರಿ. ಪಂಪನನ್ನು ಅವರು ಕ್ಲಾಸಿನಲ್ಲಿ ಓದಿಸಲಿ ಸರ್, ಅದು ದೊಡ್ಡ ಗೌರವ. ನಿಮ್ಮ ಮಗನಿಗೆ ನನ್ನ ಕಡೆಯಿಂದ ಒಂದು ಕೆಲಸ ಹೇಳಿ. ಅವನ ಕಾಲೇಜಿನ ಹಳೇ ಬ್ಲಾಕಿನಲ್ಲಿ, ಮೆಟ್ಟಿಲ ಹತ್ತಿರವೋ ಆಫೀಸಿನ ಗೋಡೆಯಲ್ಲೋ, ಒಂದು ಕಲ್ಲು ಇದ್ದೇ ಇರುತ್ತದೆ. ಅದರ ಮೇಲಿನ ಹೆಸರುಗಳನ್ನು ಒಂದೂ ಬಿಡದೆ ಬರೆದುಕೊಂಡು ಕಳಿಸಲಿ. ಪೂರ್ತಿ ಹೆಸರು ಹಾಕಿಯೇ ಅಚ್ಚು ಮಾಡುತ್ತೇವೆ, ಜೋಳ ಕೊಟ್ಟವರಿದ್ದರೆ ಜೋಳದ ಲೆಕ್ಕದ ಸಮೇತ.